ತೂತು ಕೊರೆಯದೆ ತಗ್ಗಿಸಿದ ದನಿ

ಸಾಗರದ ನನ್ನ ಅಂಗಡಿಗೆ ಬೀಗ ಹಾಕಿ ಎರಡು ಮಳೆಗಾಲ ಕಳೆದವು. ಈಗಲೂ ಐಟಿಐ ಮುಗಿಸಿದ ಹುಡುಗಿಯರು ಆಗಾಗ ಮನೆಗೆ ಬಂದು, "ಆಂಟಿ, ಈ ಲೈನಲ್ಲಿ ಮುಂದೆ ಏನಾದ್ರೂ ಇದ್ಯಾ?" ಎಂದು ಕೇಳುತ್ತಾರೆ. ಮುಂದಿನದ್ದು ನನಗೆ ಗೊತ್ತಿಲ್ಲ. ಹಿಂದೆ ಹೇಗಿತ್ತು ಎಂಬುದನ್ನು ಮಾತ್ರ ಹೇಳಬಲ್ಲೆ. ಅದನ್ನು ಹೇಳಲು, ಬಾಗಿಲು ಹಾಕುವ ಮುಂಚೆ ಕೈಗೆ ಬಂದ ಒಂದು ಗಿಟಾರ್ ಆಂಪ್ಲಿಫೈಯರಿನ ಕಥೆಯೇ ಸಾಕು.

ನನ್ನ ಕೆಲಸ ತಂತಿ ಸುತ್ತುವುದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹಳೆಯ ತಂತಿ ಬಿಚ್ಚಿ, ಬಾಬಿನ್ನಿಗೆ ಹೊಸ ತಾಮ್ರದ ತಂತಿ ಸುತ್ತಿ, ಕಬ್ಬಿಣದ ಪಟ್ಟಿಗಳನ್ನು ಮತ್ತೆ ಜೋಡಿಸಿ ಕೊಡುವುದು. ಭಾಸ್ಕರಣ್ಣನ ರೇಡಿಯೊ ಅಂಗಡಿಗೆ ನಾನು ಸೇರಿದಾಗ ಅವರಿಗೆ ಬೇಕಾಗಿದ್ದದ್ದು ಸಣ್ಣ ತಂತಿ ತುಂಡಾಗದಂತೆ ಸುತ್ತುವ ತಾಳ್ಮೆಯವರು. ಅದಕ್ಕೆ ಮುಂಚೆ ಇದ್ದ ಇಬ್ಬರು ಗಂಡಸರು ದಿನಕ್ಕೊಂದು ಬಾಬಿನ್ ಹಾಳು ಮಾಡಿ ಓಡಿಹೋಗಿದ್ದರಂತೆ. ನಾನು ಹೂವು ಕಟ್ಟುವವಳು. ತಂತಿ ನನ್ನ ಕೈಗೆ ಬೇಗ ಒಗ್ಗಿತು.

ಆಗ ಅಂಗಡಿಗೆ ಬರುತ್ತಿದ್ದ ಮೈಕ್ ಸೆಟ್ಟುಗಳಲ್ಲಿ ಅರ್ಧಕ್ಕರ್ಧ ವಾಲ್ವಿನವು. ವಾಲ್ವ್ ಎಂದರೆ ಗಾಜಿನ ಬುರುಡೆ. ಒಳಗೆ ಕೆಂಪಗೆ ಉರಿಯುತ್ತದೆ, ಚಂದ ಕಾಣುತ್ತದೆ. ಆದರೆ ಪೆಟ್ಟಿಗೆಯ ಒಳಗೆ ಓಡುವುದು ಆಳನ್ನು ಮಲಗಿಸುವ ವೋಲ್ಟೇಜು. ಪ್ಲಗ್ ಕಿತ್ತಮೇಲೂ ಕಂಡೆನ್ಸರುಗಳಲ್ಲಿ ಅದು ಹೋಗದೆ ಕೂತಿರುತ್ತದೆ. ಮೊದಲ ದಿನವೇ ಭಾಸ್ಕರಣ್ಣ ಹೇಳಿದ್ದು ಇಷ್ಟೇ: "ಒಂದು ಕೈ ಒಳಗೆ. ಇನ್ನೊಂದು ಕೈ ಯಾವಾಗ್ಲೂ ಜೇಬಲ್ಲಿ. ಎರಡೂ ಕೈ ತಾಗಿದ್ರೆ ಕರೆಂಟು ಎದೆ ಹಾದು ಹೋಗುತ್ತೆ."

"ಸೀರೆಗೆ ಜೇಬು ಎಲ್ಲಿಂದ ಬರ್ಬೇಕು ಭಾಸ್ಕರಣ್ಣ?"

ಅವರು ತಲೆ ಕೆರೆದುಕೊಂಡರು. ಮರುದಿನ ಟೈಲರ್ ಹತ್ತಿರ ಒಂದು ಖಾಕಿ ಏಪ್ರನ್ ಹೊಲಿಸಿ ತಂದರು. ಅದಕ್ಕೆ ಎಡಗಡೆ ಒಂದೇ ಒಂದು ದೊಡ್ಡ ಜೇಬು. ಅವರು ಬೈದ ಬೈಗುಳವೆಲ್ಲ ಮರೆತಿದೆ, ಆ ಜೇಬು ಮರೆತಿಲ್ಲ.

ಎಡವಟ್ಟುಗಳೂ ಕಡಿಮೆಯಲ್ಲ. ಒಮ್ಮೆ ಒಂದು ಮದುವೆಗೆ ನಾನು ರಿಪೇರಿ ಮಾಡಿದ ಸೆಟ್ ಹೋಗಿತ್ತು. ಮೈಕಿನ ತಂತಿ ಉದ್ದವಿತ್ತು, ಅದು ಏರಿಯಲ್‌ನಂತೆ ರೇಡಿಯೊ ಸ್ಟೇಷನ್ನನ್ನು ಹಿಡಿದುಬಿಟ್ಟಿತು. ಮಾಂಗಲ್ಯ ಕಟ್ಟುವ ಹೊತ್ತಿಗೆ ಭಟ್ಟರ ಮಂತ್ರದ ನಡುವೆ ಹಾರ್ನಿನಿಂದ ಅಡಿಕೆ ಧಾರಣೆ ಬರತೊಡಗಿತು. ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು. ನಾನು ಓಡಿಹೋಗಿ ಸೆಟ್ ಆಫ್ ಮಾಡಲು ಕೈ ಹಾಕಿದರೆ, ಮದುಮಗಳ ಅಪ್ಪ "ಸ್ವಲ್ಪ ತಡಿಯೇ, ಸರಕಿನ ರೇಟು ಎಷ್ಟು ಅಂತ ಕೇಳ್ಕಂಡು ಬಿಡಾನ" ಎಂದರು. ಮೈಕಿನ ತಂತಿ ಸೆಟ್ಟಿಗೆ ಸೇರುವ ಕಡೆ ಒಂದು ಪುಟ್ಟ ಕಂಡೆನ್ಸರ್ ಹಾಕಿದರೆ ರೇಡಿಯೊ ಒಳಗೆ ಬರುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹಾಗೆ.

ಕಾಲ ಬದಲಾಯಿತು. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಅದು ಹೋಗಿ ಬೋರ್ಡು ಬಂತು. ಈಗ ಬೋರ್ಡು ಕೆಟ್ಟರೆ ರಿಪೇರಿ ಇಲ್ಲ, ಬೇರೆ ಬೋರ್ಡು ಹಾಕಬೇಕು. ನಮ್ಮನ್ನು ಉಳಿಸಿದ್ದು ಮಲೆನಾಡಿನ ಕರೆಂಟು. ಮಳೆ ಬಂದರೆ ಬಲ್ಬು ಮಿಣುಕುವಷ್ಟು ಕಡಿಮೆ, ನಡುಮಧ್ಯಾಹ್ನ ಫ್ರಿಜ್ ಸುಡುವಷ್ಟು ಹೆಚ್ಚು. ಹಾಗಾಗಿ ಮನೆಮನೆಗೂ ಸ್ಟೆಬಿಲೈಜರ್ ಬೇಕಿತ್ತು, ಅದರೊಳಗಿನ ಸುರುಳಿಯನ್ನು ಸುತ್ತುವವಳು ನಾನು. ಭಾಸ್ಕರಣ್ಣನ ಕಣ್ಣು ಮಂಜಾದ ಮೇಲೆ ಅಂಗಡಿ ನನ್ನದಾಯಿತು. ಅವರು ಮಾತ್ರ ದಿನಾ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಮೇಲಧಿಕಾರಿಯ ಕೆಲಸ ಬಿಟ್ಟಿರಲಿಲ್ಲ.

ಹಾಗಿರುವಾಗ ಒಂದು ದಿನ ಹೊಸನಗರದಿಂದ ದನದ ಡಾಕ್ಟರ್ ಸತೀಶ್ ಬಂದರು. ಹಿಂದೆ ಅವರ ಸ್ಟೆಬಿಲೈಜರ್ ಮಾಡಿಕೊಟ್ಟಿದ್ದೆ. ಅವರು ಗಿಟಾರ್ ಬಾರಿಸುತ್ತಾರೆ, ಅವರ ಹೆಂಡತಿ ವೀಣಾ ಹೈಸ್ಕೂಲ್ ಟೀಚರು, ಹಾಡುತ್ತಾರೆ. ಮದುವೆಗೆ ಮುಂಚಿನಿಂದಲೂ ಭಾನುವಾರ ಮಧ್ಯಾಹ್ನ ಇಬ್ಬರೂ ಕೂತು ಹಾಡುವುದು ಅವರ ಮನೆಯ ರೂಢಿ.

"ಅಕ್ಕ, ತೀರ್ಥಹಳ್ಳೀಲಿ ಒಬ್ರು ವಾಲ್ವ್ ಆಂಪ್ಲಿಫೈಯರ್ ಮಾರ್ತಾ ಇದಾರೆ. ಹಳೇ ಕಾಲದ ಮಾಡೆಲ್ ನೋಡಿ ಹೊಸದಾಗಿ ಮಾಡಿದ್ದಂತೆ. ನಂಗೆ ಕಾಲೇಜಲ್ಲಿದ್ದಾಗಿಂದ ಆ ಸೌಂಡ್ ಮೇಲೆ ಕಣ್ಣು. ನೀವೊಂದ್ಸಲ ಬಂದು ನೋಡ್ತೀರಾ?"

ಬಾಗಿಲ ಬಳಿಯಿಂದ ಭಾಸ್ಕರಣ್ಣ, "ವಾಲ್ವಾ? ಇನ್ನೂ ಮಾಡ್ತಾರಾ ಮಾರಾಯ್ರೆ?" ಎಂದರು. ಸತ್ತುಹೋಗಿದ್ದಾನೆ ಎಂದುಕೊಂಡ ಗೆಳೆಯನ ಫೋನ್ ಬಂದಂತಿತ್ತು ಅವರ ಮುಖ.

ಡಾಕ್ಟರ ಜೀಪಿನಲ್ಲಿ ತೀರ್ಥಹಳ್ಳಿಗೆ ಹೋದೆವು. ಮಾರುವವರು ರೊನಾಲ್ಡ್ ಎಂಬ ಹಿರಿಯರು. ಗಲ್ಫಿನ ಹೋಟೆಲುಗಳಲ್ಲಿ ಬ್ಯಾಂಡಿನ ಜೊತೆ ಗಿಟಾರ್ ಬಾರಿಸಿ ಊರಿಗೆ ಬಂದು ನೆಲೆಸಿದವರು. ಹೆಗಲ ನೋವಿನಿಂದ ಆ ಭಾರದ ಪೆಟ್ಟಿಗೆ ಎತ್ತಲಾಗುತ್ತಿರಲಿಲ್ಲ. ಪೆಟ್ಟಿಗೆ ಹಳದಿ ಬಟ್ಟೆ ಹೊದ್ದು, ಚರ್ಮದ ಹಿಡಿ ಇಟ್ಟುಕೊಂಡು, ಯಾರದೋ ಅಜ್ಜನ ಸೂಟ್‌ಕೇಸಿನಂತೆ ಗೋಡೆಗೊರಗಿತ್ತು.

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು: ಹಳೆಯ ಸೆಟ್ ಕೊಳ್ಳುವ ಮುಂಚೆ ಕಿವಿಗಿಂತ ಮೂಗನ್ನು ನಂಬಿ. ಹಿಂಬದಿಯ ಹಲಗೆ ಬಿಚ್ಚಿ ಟ್ರಾನ್ಸ್‌ಫಾರ್ಮರಿನ ಹತ್ತಿರ ಮೂಗು ಹಿಡಿದೆ. ಸುಟ್ಟ ವಾಸನೆ ಇರಲಿಲ್ಲ. ಆನ್ ಮಾಡಿಸಿ, ಪೆನ್ಸಿಲಿನ ತುದಿಯಿಂದ ಒಂದೊಂದೇ ವಾಲ್ವನ್ನು ತಟ್ಟಿದೆ. ಒಂದು ಮಾತ್ರ ಗಂಟೆಯಂತೆ 'ಟಿಂಗ್' ಎಂದಿತು. ಒಳಗೆ ಏನೋ ಸಡಿಲವಾಗಿದೆ, ಅದನ್ನು ಬದಲಾಯಿಸಬೇಕೆಂದೆ. ರೊನಾಲ್ಡ್ ಅವರು ವಾದಿಸಲಿಲ್ಲ, ಕಪಾಟಿನಿಂದ ಹೊಸದೊಂದನ್ನು ತಂದು ಕೊಟ್ಟರು.

ಆಮೇಲೆ ಡಾಕ್ಟರು ಗಿಟಾರ್ ಜೋಡಿಸಿ ದನಿ ಏರಿಸಿದರು. ನನಗೆ ಗಿಟಾರಿನ ಗಂಧಗಾಳಿ ಇಲ್ಲ. ಆದರೂ ಆ ಸ್ವರ ಬೆಲ್ಲದ ಪಾಕದಂತೆ ಎಳೆಎಳೆಯಾಗಿ ಹೊರಬಂದಾಗ ಮೈ ಜುಂ ಎಂದಿತು. ಶೋಕೇಸಿನಲ್ಲಿದ್ದ ಗಾಜಿನ ಲೋಟಗಳೂ ಜುಂ ಎಂದವು.

ವ್ಯಾಪಾರ ಕುದುರಿತು. ಪೆಟ್ಟಿಗೆ ಎತ್ತುವಾಗ ರೊನಾಲ್ಡ್ ಅವರು ಅದರ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಒಂದೇ ಕಂಡೀಷನ್ ಅಮ್ಮಾ. ಒಳಗೆ ಎಂತ ಬೇಕಾದ್ರೂ ಮಾಡ್ಕಳಿ. ಡ್ರಿಲ್ ಮಾತ್ರ ಮುಟ್ಸಬೇಡಿ. ನನ್ನ ಮೊದಲ್ನೇ ಪೆಟ್ಟಿಗೇನ ಒಬ್ಬ ಮೆಕ್ಯಾನಿಕ್ ಸ್ವಿಚ್ಚಿಗೊಂದು ತೂತು, ಲೈಟಿಗೊಂದು ತೂತು ಅಂತ ಹೊಡೆದೂ ಹೊಡೆದೂ ಇಡ್ಲಿ ತಟ್ಟೆ ಮಾಡಿಟ್ಟಿದ್ದ. ಇದು ಹಂಗೆ ಆಗೋದು ಬೇಡ."

"ಇಲ್ಲ, ಮುಟ್ಸಲ್ಲ," ಎಂದೆ. ಮಾತು ಕೊಡುವಾಗ ಅದೇನೂ ದೊಡ್ಡದು ಎನಿಸಲಿಲ್ಲ.

ವಾಪಸ್ ಬರುವಾಗ ಕವಲೇದುರ್ಗದ ಕಡೆಯಿಂದ ಡಾಕ್ಟರಿಗೆ ಫೋನ್ ಬಂತು. ಒಂದು ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಅವರು ಜೀಪು ತಿರುಗಿಸಿದರು. ನಾನು ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರಿಗೆ ಬೆಲ್ಟ್ ಕಟ್ಟಿ ಕಾವಲು ಕೂತೆ. ಮೊಣಕೈತನಕ ತೊಳೆದುಕೊಂಡು ಅವರು ಬಂದಾಗ ಹಿಂದೆಯೇ ಬಂದ ಮನೆಯ ಯಜಮಾನರು ಪೆಟ್ಟಿಗೆ ನೋಡಿ, "ಇದು ಯಾವ ಮೆಷಿನ್ನು ಡಾಕ್ಟ್ರೆ, ಸ್ಕ್ಯಾನಿಂಗಾ?" ಎಂದರು. "ಹ್ಞೂಂ, ನನ್ನ ಹೆಂಡ್ತಿ ತಾಳ್ಮೆ ಎಷ್ಟಿದೆ ಅಂತ ಇದ್ರಲ್ಲಿ ಗೊತ್ತಾಗುತ್ತೆ," ಎಂದು ಡಾಕ್ಟರು ನಕ್ಕರು.

ನಗುವಿನ ಮಾತು ನಿಜವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಡಾಕ್ಟರು ಫೋನ್ ಮಾಡಿ, ಮನೆಗೆ ಬನ್ನಿ ಎಂದರು. ಹೋದರೆ ಆಂಪ್ಲಿಫೈಯರ್ ಮೂಲೆಯಲ್ಲಿತ್ತು, ಅದರ ಮೇಲೆ ವೀಣಾ ಟೀಚರ್ ತಿದ್ದಿದ ಉತ್ತರಪತ್ರಿಕೆಗಳ ಕಟ್ಟು.

ತೊಂದರೆ ಏನೆಂದರೆ, ವಾಲ್ವ್ ಆಂಪ್ಲಿಫೈಯರನ್ನು ಮೆಲ್ಲಗೆ ಇಟ್ಟರೆ ಸಪ್ಪೆ. ಏರಿಸುತ್ತ ಹೋದಂತೆ ಕೊನೆಯ ಎರಡು ದೊಡ್ಡ ವಾಲ್ವುಗಳಿಗೆ ಏದುಸಿರು ಬರುತ್ತದೆ. ಗಿಟಾರಿನವರಿಗೆ ಬೇಕಾದ ಸವಿ ಇರುವುದು ಆ ಏದುಸಿರಿನಲ್ಲೇ. ಹೋಟೆಲಿನ ಹಾಲಿಗೆ ಅದು ಸರಿ. ಹೊಸನಗರದ ಮನೆಯ ನಡುಮನೆಯಲ್ಲಿ ಅದರ ಮುಂದೆ ಮನುಷ್ಯರ ಗಂಟಲು ನಿಲ್ಲುವುದುಂಟೆ?

"ನೋಡಿ ಅಕ್ಕ, ಇದು ಬಂದ ಮೇಲೆ ನಾನು ಬರೀ ಬಾಯಿ ಆಡ್ಸೋದಷ್ಟೆ," ಎಂದರು ವೀಣಾ ಟೀಚರ್. "ನಂಗೇ ನನ್ನ ದನಿ ಕೇಳಲ್ಲ. ಸ್ಕೂಲ್ ಡೇಗೆ ಇಬ್ರೂ ಹಾಡಿ ಅಂತ ಕೇಳಿದಾರೆ. ನಾನು ಮೊಬೈಲಲ್ಲಿ ಟ್ರ್ಯಾಕ್ ಹಾಕ್ಕಂಡು ಒಬ್ಳೇ ಹಾಡ್ತೀನಿ ಅಂತ ಹೇಳ್ಬಿಟ್ಟಿದೀನಿ."

ಡಾಕ್ಟರು ಗಿಟಾರಿನ ತಂತಿ ಒರೆಸುತ್ತಿದ್ದರು. ಅಷ್ಟು ಹೊತ್ತು ಒಂದೇ ತಂತಿಯನ್ನು ಒರೆಸುವವರನ್ನು ನಾನು ನೋಡಿಲ್ಲ. ಇಬ್ಬರ ನಡುವೆ ಜಗಳವಾಗಿರಲಿಲ್ಲ. ಆಗಿದ್ದರೆ ಮೇಲಿತ್ತು. ಭಾನುವಾರ ಮಧ್ಯಾಹ್ನ ಅವರು ಗಿಟಾರ್ ಹಿಡಿದರೆ ಇವರು ಒಗೆಯುವ ಬಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದರು, ಅಷ್ಟೆ.

"ಇದನ್ನ ವಾಪಸ್ ಕೊಟ್ಬಿಡ್ಲಾ ಅಂತ ಯೋಚ್ನೆ ಮಾಡ್ತಿದೀನಿ," ಎಂದರು ಡಾಕ್ಟರು.

"ಸ್ವಲ್ಪ ತಡೀರಿ. ನಾನೊಂದು ನೋಡ್ತೀನಿ," ಎಂದು ಪೆಟ್ಟಿಗೆಯನ್ನು ಸಾಗರಕ್ಕೆ ತಂದೆ.

ಮೊದಲು ಮಾಡಿದ್ದು ಸುಲಭದ ಕೆಲಸ. ಹಿಂಬದಿಯಲ್ಲಿ ಎರಡನೇ ಸ್ಪೀಕರಿಗೆಂದು ಒಂದು ಸಾಕೆಟ್ ಇತ್ತು, ಅದು ಬಳಕೆಯಲ್ಲಿರಲಿಲ್ಲ. ಅದನ್ನು ಬಿಚ್ಚಿಟ್ಟು, ಆ ತೂತಿನಲ್ಲೇ ಇನ್ನೊಂದು ವಾಲ್ಯೂಮ್ ಕಂಟ್ರೋಲ್ ಕೂರಿಸಿದೆ. ದೊಡ್ಡ ವಾಲ್ವುಗಳಿಗೆ ಹೋಗುವ ಮುಂಚೆಯೇ ದನಿಯನ್ನು ತಡೆಯುವ ಉಪಾಯ. ದನಿ ತಗ್ಗಿತು. ಖುಷಿಯಿಂದ ಹೊಸನಗರಕ್ಕೆ ಒಯ್ದೆ.

ಡಾಕ್ಟರು ಬಾರಿಸಿ, "ಪರ್ವಾಗಿಲ್ಲ ಅಕ್ಕ, ಚೆನ್ನಾಗಿದೆ," ಎಂದರು. ಅವರು ರೋಗಿಗಳಿಗೂ ಹಾಗೆಯೇ ಹೇಳುತ್ತಾರೇನೊ, ಪಾಪ ಅವು ತಿರುಗಿ ಮಾತಾಡುವುದಿಲ್ಲ. ಟೀಚರ್ ಮಾತ್ರ ಒಳಗಿನಿಂದಲೇ, "ಎಂತದು ಇದು, ಡಬ್ಬದೊಳಗೆ ಜೇನ್ನೊಣ ಬಿಟ್ಟಂಗೆ ಕೇಳುತ್ತಲ್ರೀ!" ಎಂದರು. ನಿಜ. ಮೆಲ್ಲಗಾಗಿತ್ತು, ಸವಿಯೂ ಹೋಗಿತ್ತು. ದೊಡ್ಡ ವಾಲ್ವುಗಳಿಗೆ ಕೆಲಸವೇ ಇಲ್ಲದಿದ್ದರೆ ಏದುಸಿರು ಎಲ್ಲಿಂದ ಬರಬೇಕು?

"ಬರೋ ಕರೆಂಟನ್ನೇ ಕಮ್ಮಿ ಮಾಡಿದ್ರೆ?" ಡಾಕ್ಟರು ಕೇಳಿದರು. ಅವರು ಇಂಟರ್‌ನೆಟ್ಟಿನಲ್ಲಿ ಸಾಕಷ್ಟು ಓದಿಕೊಂಡಿದ್ದರು. ವಿಚಾರ ಒಳ್ಳೆಯದೇ. ಆದರೆ ಪ್ಲಗ್ಗಿನಲ್ಲೇ ಕಡಿಮೆ ಮಾಡಿದರೆ ವಾಲ್ವಿನೊಳಗೆ ಉರಿಯುವ ಫಿಲಮೆಂಟೂ ತಣ್ಣಗಾಗಿ ವಾಲ್ವ್ ಬೇಗ ಹಾಳಾಗುತ್ತದೆ. ಅಷ್ಟು ಹೇಳಿ, ಸೋತ ಮುಖ ಹೊತ್ತು ಪೆಟ್ಟಿಗೆಯೊಂದಿಗೆ ಸಾಗರದ ಬಸ್ ಹತ್ತಿದೆ. ಕಂಡಕ್ಟರು ಅದಕ್ಕೆ ಲಗೇಜ್ ಟಿಕೆಟ್ ಹರಿದರು.

ಭಾಸ್ಕರಣ್ಣ ಎಲ್ಲವನ್ನೂ ಕೇಳಿಸಿಕೊಂಡರು. ಕಣ್ಣು ಮಂಜಾಗಿದ್ದರೂ ಬೆರಳಿನಿಂದ ಒಳಗಿನ ಭಾಗಗಳನ್ನೆಲ್ಲ ಸವರಿ ನೋಡಿದರು, ಪ್ಲಗ್ ಕಿತ್ತು, ಕಂಡೆನ್ಸರುಗಳನ್ನು ಖಾಲಿ ಮಾಡಿಸಿಕೊಂಡ ಮೇಲೆ. ಬೆರಳು ಟ್ರಾನ್ಸ್‌ಫಾರ್ಮರಿನ ಮೇಲೆ ನಿಂತಿತು.

"ಅಲ್ಲ ಮಾರಾಯ್ತಿ, ನೀನು ಕುತ್ತಿಗೆ ಹಿಸುಕೋಕೆ ಹೋಗಿದೀಯ. ಊಟ ಕಡ್ಮೆ ಹಾಕು, ಮೆಲ್ಲಗಿದ್ದಾಗ್ಲೇ ಏದುಸಿರು ಬರುತ್ತೆ."

"ಫಿಲಮೆಂಟ್ ಹಾಳಾಗುತ್ತಲ್ಲ?"

"ಫಿಲಮೆಂಟಿಗೆ ಪೂರ್ತಿ ಕೊಡು. ದೊಡ್ಡ ವೋಲ್ಟೇಜು ಮಾತ್ರ ಅರ್ಧ ಕೊಡು. ಎರಡೂ ಬರೋದು ಈ ಒಂದೇ ಟ್ರಾನ್ಸ್‌ಫಾರ್ಮರಿಂದ ತಾನೆ? ನೀನು ಸುತ್ತೋಳು. ಬೇರೆ ಸುತ್ತು!"

ನನಗೆ ನಗು ಬಂತು. ಜೀವಮಾನವೆಲ್ಲ ಮಾಡಿದ ಕೆಲಸವೇ ನನ್ನ ತಲೆಗೆ ಹೊಳೆದಿರಲಿಲ್ಲ. ಗಿಟಾರ್, ಫಾರಿನ್ ಪೆಟ್ಟಿಗೆ ಎಂದು ಹೆದರಿ, ಅದು ನನ್ನ ಕೈಗೆ ಮೀರಿದ್ದು ಎಂದುಕೊಂಡು ಅಂಚಿನಲ್ಲೇ ಕೆರೆಯುತ್ತಿದ್ದೆ.

ಮೂಲದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟೆ. ಅದೇ ಅಳತೆಯ ಕಬ್ಬಿಣದ ಪಟ್ಟಿ ಹುಡುಕಿ, ಅದೇ ಬೋಲ್ಟುಗಳಿಗೆ ಕೂರುವಂತೆ ಹೊಸದನ್ನು ಸುತ್ತಲು ಕೂತೆ. ದೊಡ್ಡ ವೋಲ್ಟೇಜಿನ ಸುರುಳಿಗೆ ಎರಡು ಕಡೆ ತಂತಿ ಹೊರತೆಗೆದೆ. ಒಂದು ಪೂರ್ತಿ, ಒಂದು ಅರ್ಧ. ಹೊಸನಗರದ ಏರುಕರೆಂಟಿಗೂ ತಡೆಯುವಂತೆ ಪ್ಲಗ್ಗಿನ ಕಡೆಯ ಸುರುಳಿಗೆ ಒಂದಿಷ್ಟು ಸುತ್ತು ಹೆಚ್ಚೇ ಹಾಕಿದೆ. ಸ್ಪೀಕರ್ ಸಾಕೆಟ್ಟಿನ ಆ ಹಳೆಯ ತೂತಿನಲ್ಲಿ ಈಗ ವಾಲ್ಯೂಮ್ ಕಂಟ್ರೋಲಿನ ಬದಲು ಅಷ್ಟು ವೋಲ್ಟೇಜ್ ತಡೆಯುವ ಒಂದು ಸ್ವಿಚ್ಚು ಬಂತು. ಸೆಟ್ ಆಫ್ ಮಾಡಿಯೇ ಸ್ವಿಚ್ ಬದಲಿಸಬೇಕೆಂದು ಪಕ್ಕದಲ್ಲಿ ಚೀಟಿ ಅಂಟಿಸಿದೆ. ಡ್ರಿಲ್ ಮೆಷಿನ್ ಮೊಳೆಯಲ್ಲಿ ನೇತಾಡುತ್ತಲೇ ಇತ್ತು.

ಆನ್ ಮಾಡಿದರೆ ಟ್ರಾನ್ಸ್‌ಫಾರ್ಮರೇ ಗುಂಯ್ ಎಂದು ಹಾಡತೊಡಗಿತು. ಪಟ್ಟಿಗಳ ನಡುವಿನ ವಾರ್ನಿಷ್ ಒಣಗಿರಲಿಲ್ಲ. ಆಷಾಢದ ಮಳೆ, ಒಗೆದ ಬಟ್ಟೆಯೇ ಒಣಗುತ್ತಿರಲಿಲ್ಲ. ಬಿಸಿಲಿಗೆ ಕಾಯುತ್ತ ಕೂತರೆ ಸ್ಕೂಲ್ ಡೇ ಮುಗಿದುಹೋಗುತ್ತಿತ್ತು. ಪಕ್ಕದ ಬೇಕರಿಯವರನ್ನು ಕೇಳಿದೆ. "ನಿಮ್ಮ ಸಾಮಾನು ಒಲೇಲಿ ಇಟ್ರೆ ನಾಳೆ ಬನ್ ತಿಂದವರೆಲ್ಲ ಮಿಂಚ್ತಾರೆ, ಬೇಡಕ್ಕ," ಎಂದರು.

ಡಾಕ್ಟರಿಗೆ ಫೋನಿನಲ್ಲಿ ಹೇಳಿದ್ದೇ ತಡ, "ನಮ್ಮನೇಲಿ ಕೋಳಿಮರಿ ಬೆಚ್ಚಗಿಡೋ ಪೆಟ್ಟಿಗೆ ಇದೆ, ತಂದ್ಕೊಡ್ತೀನಿ," ಎಂದರು. ಮರುದಿನವೇ ಬಂತು. ಒಳಗೆ ತಗಡು, ಮೇಲೆ ಬಲ್ಬು. ದೊಡ್ಡ ಬಲ್ಬುಗಳನ್ನು ಹಾಕಿ, ಟ್ರಾನ್ಸ್‌ಫಾರ್ಮರನ್ನು ಒಳಗಿಟ್ಟು ಮುಚ್ಚಿದೆ. ಭಾಸ್ಕರಣ್ಣ ದಿನಾ ಬಂದವರೇ ಮುಚ್ಚಳದ ಮೇಲೆ ಕೈಯಿಟ್ಟು, "ಎಂತ, ಮೊಟ್ಟೆ ಒಡೀಲಿಲ್ವ ಇನ್ನೂ?" ಎಂದು ಕೇಳುವರು. ಕೊನೆಗೆ ವಾರ್ನಿಷ್ ಗಾಜಿನಂತೆ ಗಟ್ಟಿಯಾಯಿತು. ಮತ್ತೆ ಕೂರಿಸಿ ಆನ್ ಮಾಡಿ, ಕಿವಿ ಇಟ್ಟೆ. ಸದ್ದಿಲ್ಲ.

ಅದನ್ನು ಹೊಸನಗರಕ್ಕೆ ಒಯ್ದದ್ದು ಒಂದು ಭಾನುವಾರ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೋಡಿದರೆ ಒಳಗೆ ರೊನಾಲ್ಡ್ ಅವರು ಕೂತಿದ್ದಾರೆ! ಪೆಟ್ಟಿಗೆಗೆ ಏನೋ ಮಾಡಿಸುತ್ತಿದ್ದೇವೆ ಎಂದು ಡಾಕ್ಟರು ಫೋನಿನಲ್ಲಿ ಬಾಯಿಬಿಟ್ಟಿದ್ದರಂತೆ, ಅವರು ತೀರ್ಥಹಳ್ಳಿಯಿಂದ ಬಸ್ ಹತ್ತಿಯೇ ಬಂದುಬಿಟ್ಟಿದ್ದರು.

"ತೂತು?" ಎಂದರು. ನಮಸ್ಕಾರಕ್ಕೂ ಮೊದಲು.

"ನೀವೇ ನೋಡಿ ಸರ್."

ಅವರು ಕನ್ನಡಕ ಏರಿಸಿ, ಪೆಟ್ಟಿಗೆ ತಿರುಗಿಸಿ, ಹಿಂಬದಿಯ ಕಬ್ಬಿಣದ ಮೇಲೆ ಅಂಗೈ ಆಡಿಸುತ್ತ ಹೋದರು. ಸ್ವಿಚ್ಚಿನ ಹತ್ತಿರ ಕೈ ನಿಂತಿತು. ನನ್ನನ್ನು ನೋಡಿದರು. ನಾನು ಚೀಲದಿಂದ ಹಳೆಯ ಸಾಕೆಟ್ಟನ್ನೂ, ಬಟ್ಟೆಯಲ್ಲಿ ಸುತ್ತಿದ ಹಳೆಯ ಟ್ರಾನ್ಸ್‌ಫಾರ್ಮರನ್ನೂ ತೆಗೆದು ಮೇಜಿನ ಮೇಲಿಟ್ಟೆ. "ಬೇಕಂದಾಗ ಇದ್ದಂಗೇ ಮಾಡ್ಬೋದು." ಅವರು ಗಿಟಾರಿಗಾಗಿ ಕೈ ಚಾಚಿದರು.

ಸ್ವಿಚ್ ಅರ್ಧದಲ್ಲಿತ್ತು. ಅವರು ವಾಲ್ಯೂಮನ್ನು ಪೂರ್ತಿ ತಿರುಗಿಸಿ ಒಂದು ಸ್ವರ ಮೀಟಿದರು. ತೀರ್ಥಹಳ್ಳಿಯಲ್ಲಿ ಕೇಳಿದ ಅದೇ ಬೆಲ್ಲದ ಪಾಕ. ಆದರೆ ಈಗ ಅದು ಪಕ್ಕದಲ್ಲಿ ಕೂತು ಮಾತಾಡುವವರಷ್ಟೇ ಗಟ್ಟಿ. ಹೊರಗಿನ ಮಳೆಯೂ ಕೇಳುತ್ತಿತ್ತು.

"ಹೋಟೆಲಲ್ಲಿ ಇದನ್ನ ಬರೀ ಕಿರುಚ್ಸಿದ್ದೇ ಆಯ್ತು," ಎಂದರು ರೊನಾಲ್ಡ್, ಯಾರಿಗೂ ಅಲ್ಲದಂತೆ. "ಇಷ್ಟು ಮೆಲ್ಲಗೆ ಮಾತಾಡುತ್ತೆ ಅಂತ ಗೊತ್ತೇ ಇರ್ಲಿಲ್ಲ." ಆಮೇಲೆ ಗಿಟಾರನ್ನು ಡಾಕ್ಟರ ಕೈಗೆ ಕೊಟ್ಟರು. "ನಿಮ್ದು. ನೀವು ನುಡ್ಸಿ."

ಡಾಕ್ಟರು ಶುರು ಮಾಡಿದ ಹಾಡು ಯಾವುದೆಂದು ನನಗೆ ತಿಳಿಯಲಿಲ್ಲ. ಅವರಿಬ್ಬರಿಗೆ ಗೊತ್ತಿತ್ತು. ಟೀಚರ್ ಚಹಾದ ತಟ್ಟೆ ಹಿಡಿದು ಬರುತ್ತಿದ್ದವರು ಅಡುಗೆಮನೆಯ ಬಾಗಿಲಲ್ಲೇ ನಿಂತರು. ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟರು. ಎರಡು ಸಾಲು ಕೇಳಿದರು. ಮೂರನೆಯದಕ್ಕೆ ಬಾಯಿ ತೆರೆದರು.

ನಾನು ಅವರ ಹಾಡುವ ದನಿ ಕೇಳಿದ್ದು ಅದೇ ಮೊದಲು. ಸಣ್ಣ ದನಿ, ತುದಿಯಲ್ಲಿ ಒಂಚೂರು ಒರಟು. ಗಿಟಾರ್ ಅದರ ಕೆಳಗೆ ಚಾಪೆಯಂತೆ ಹಾಸಿಕೊಂಡಿತ್ತು. ಡಾಕ್ಟರು ತಲೆ ಎತ್ತಲಿಲ್ಲ, ಎತ್ತಿದರೆ ಎಲ್ಲಿ ಟೀಚರ್ ನಿಲ್ಲಿಸಿಬಿಡುತ್ತಾರೋ ಎಂಬಂತೆ. ರೊನಾಲ್ಡ್ ಅವರು ಬೆರಳಿನಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದರು. ನಾನು ಟ್ರಾನ್ಸ್‌ಫಾರ್ಮರ್ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುವವಳಂತೆ ಪೆಟ್ಟಿಗೆಯ ಹಿಂದೆ ಬಗ್ಗಿದೆ.

ಹಾಡು ನಡುವೆ ನಿಂತುಹೋಯಿತು.

"ಒಂದ್ನಿಮಿಷ," ಎಂದರು ಟೀಚರ್. "ಅಲ್ಲಿ ನೀವು ಬಾರಿಸ್ತಿರೋದು ತಪ್ಪು ರೀ."

"ಎಲ್ಲಿ?"

"ಈಗ ಬಂತಲ್ಲ, ಮೂರನೇ ಸಾಲು ತಿರುಗೋವಾಗ. ಮದುವೆಯಾದಾಗಿಂದ ನಾನು ಶ್ರುತಿ ತಪ್ತೀನಿ ಅಂತ ಅಂದ್ಕಂಡಿದ್ದೆ. ನೀವು ತಪ್ಪು ಬಾರಿಸ್ತಾ ಇದ್ರಿ!"

ಡಾಕ್ಟರು ಆ ಸ್ವರವನ್ನು ಮತ್ತೆ ಮೀಟಿದರು. ಇನ್ನೊಮ್ಮೆ ಮೀಟಿದರು. ರೊನಾಲ್ಡ್ ಅವರು ಕೆಮ್ಮಿ ಕಿಟಕಿಯ ಕಡೆ ನೋಡಿದರು.

"ಅಕ್ಕ," ಡಾಕ್ಟರು ನನ್ನ ಕಡೆ ತಿರುಗಿದರು, "ಆ ಸ್ವಿಚ್ಚನ್ನ ಮೊದ್ಲಿನ ಥರ ಜೋರಿಗೆ ಹಾಕೋದು ಹೆಂಗೆ ಅಂತ ಒಂಚೂರು ಹೇಳ್ಕೊಡಿ."

"ಮುಟ್ಟಿ ನೋಡಿ!" ಎಂದು ಟೀಚರ್ ಬಂದು ಅವರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. "ಮತ್ತೆ ಮೊದ್ಲಿಂದ. ಮೆಲ್ಲಗೆ."

ಚಹಾ ಫ್ರಿಜ್ಜಿನ ಮೇಲೆಯೇ ಆರಿಹೋಯಿತು. ಯಾರಿಗೂ ಅದರ ನೆನಪಿರಲಿಲ್ಲ, ನಾನೇ ಎದ್ದು ಹೋಗಿ ಎಲ್ಲರಿಗೂ ಬಿಸಿ ಮಾಡಿಕೊಂಡು ಬಂದೆ.